ದುಯಿಸಿಯ ಎರಡು ಮಸೀದಿಗಳು: ಹಳೆಯದನ್ನು "ಅಸಲಿ", ಹೊಸದನ್ನು "ಆಮದು" ಎಂದು ಬರೆಯುವುದು ಸರಿಯೇ?

ಕುರಾ_ದಂಡೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ತ್ಬಿಲಿಸಿಯಲ್ಲಿರುವ ನಮ್ಮ ಗೆಳೆಯರ ಬಳಗ ಹೊರತರುವ ಪುಟ್ಟ ಪತ್ರಿಕೆಗೆ ಪಂಕಿಸಿ ಕಣಿವೆಯ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಜಾರ್ಜಿಯಾದ ಕಾಖೇತಿ ಪ್ರಾಂತ್ಯದಲ್ಲಿ, ಅಲಜಾನಿ ನದಿ ಬೆಟ್ಟಗಳಿಂದ ಬಯಲಿಗೆ ಇಳಿಯುವ ಜಾಗದಲ್ಲಿ ಈ ಕಣಿವೆ ಇದೆ. ಇಲ್ಲಿ ನೆಲೆಸಿರುವ ಕಿಸ್ತ್ ಜನರು ಚೆಚೆನ್ ಮೂಲದವರು, ಅಂದರೆ ಕಾಕಸಸ್ ಪರ್ವತದ ಉತ್ತರಕ್ಕೆ, ಇಂದು ರಷ್ಯಾದೊಳಗಿರುವ ಚೆಚೆನ್ಯಾದ ಕಡೆಯವರು. ಮನೆಯಲ್ಲಿ ಚೆಚೆನ್ ಭಾಷೆಯ ಒಂದು ಒಳನುಡಿಯನ್ನು ಆಡುತ್ತಾರೆ, ಶಾಲೆಯಲ್ಲಿ ಜಾರ್ಜಿಯನ್ ಕಲಿಯುತ್ತಾರೆ.

ಕಣಿವೆಯ ಮುಖ್ಯ ಹಳ್ಳಿಯಾದ ದುಯಿಸಿಯಲ್ಲಿ ಎರಡು ಮಸೀದಿಗಳಿವೆ. ನೂರು ವರ್ಷ ದಾಟಿದ ಇಟ್ಟಿಗೆಯ ಹಳೆಯ ಮಸೀದಿಯಲ್ಲಿ ಪ್ರತಿ ಶುಕ್ರವಾರ ಮಧ್ಯಾಹ್ನ ವಯಸ್ಸಾದ ಹೆಂಗಸರು ಸೇರಿ ಸೂಫಿ ಸಂಪ್ರದಾಯದ ಜಿಕ್ರ್ (ದೇವರ ನಾಮಸ್ಮರಣೆ) ನಡೆಸುತ್ತಾರೆ. 2000ದ ಸುಮಾರಿಗೆ ತಲೆಯೆತ್ತಿದ ಹೊಸ ಮಸೀದಿ ಹೆಚ್ಚಾಗಿ ಕಿರಿಯರದು, ಮತ್ತು ಅವರಲ್ಲಿ ಬಹುಪಾಲು ಜನರು ಇಸ್ಲಾಮಿನ ಮೊದಲ ತಲೆಮಾರುಗಳ ಆಚರಣೆಗೆ ಮರಳಬೇಕೆನ್ನುವ ಸಲಫಿ ಪಂಥವನ್ನು ಅನುಸರಿಸುವವರು. ನನ್ನ ಕರಡಿನಲ್ಲಿ ಹಳೆಯದನ್ನು ಮಣ್ಣಿನ ಮಸೀದಿ (ಈ ನೆಲದ್ದೇ, ಅಸಲಿ) ಎಂದೂ ಹೊಸದನ್ನು ಹೊರಗಿನ ಹಣದ ಮಸೀದಿ (ಆಮದು) ಎಂದೂ ಬರೆದಿದ್ದೆ. ಕರಡನ್ನು ಓದಿದ ಸ್ನೇಹಿತರೊಬ್ಬರು ಇದು ಪ್ರವಾಸಿಗರ ಕಣ್ಣಿನ ಬರಹ ಎಂದು ತಕರಾರು ತೆಗೆದಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಬಲ್ಲವರು ಏನೆನ್ನುತ್ತೀರಿ?

---

ಇತಿಹಾಸದ_ವಿದ್ಯಾರ್ಥಿ

ನಿಮ್ಮ ಸ್ನೇಹಿತರ ತಕರಾರಿನಲ್ಲಿ ಹುರುಳಿದೆ. ಹಳೆಯ ಮಸೀದಿಯೂ ಒಂದು ಕಾಲಕ್ಕೆ ಹೊಸದಾಗಿತ್ತು ಎಂಬುದನ್ನು ಮೊದಲು ನೆನೆಯಬೇಕು.

ಕಿಸ್ತರ ಪೂರ್ವಿಕರು 19ನೇ ಶತಮಾನದಲ್ಲಿ ಕಾಕಸಸ್ ಪರ್ವತವನ್ನು ದಾಟಿ ದಕ್ಷಿಣಕ್ಕೆ ಬಂದರು. ಕೆಲವರು ರಕ್ತವೈರದಿಂದ ತಪ್ಪಿಸಿಕೊಂಡು ಬಂದರು, ಕೆಲವರು ಜಮೀನು ಹುಡುಕಿಕೊಂಡು ಬಂದರು, ಇನ್ನು ಕೆಲವರು ರಷ್ಯಾದ ವಿರುದ್ಧ ಹೋರಾಡುತ್ತಿದ್ದ ಇಮಾಮ್ ಶಾಮಿಲನ ಆಳ್ವಿಕೆ ಮತ್ತು ರಷ್ಯಾದ ಸೇನೆ ಇವೆರಡರ ನಡುವೆ ಸಿಲುಕಿ ಬೇಸತ್ತು ಬಂದರು. ದುಯಿ ಎಂಬ ಮುಖಂಡನಿಂದ ದುಯಿಸಿ ಎಂಬ ಹೆಸರು ಬಂತೆಂದು ಊರವರೇ ಹೇಳುತ್ತಾರೆ. ಬಂದವರಲ್ಲಿ ಎಲ್ಲರೂ ಕಟ್ಟಾ ಮುಸ್ಲಿಮರಾಗಿರಲಿಲ್ಲ. ಬೆಟ್ಟದ ಹಳೆಯ ದೈವಗಳೂ ಅವರ ಜೊತೆಗಿದ್ದವು, ನೆರೆಯ ಜಾರ್ಜಿಯನ್ನರ ಸಂತ ಜಾರ್ಜನ ಗುಡಿಗಳಿಗೂ ಅವರು ನಡೆದುಕೊಳ್ಳುತ್ತಿದ್ದರು. ಪಕ್ಕದ ಅಲವೆರ್ದಿಯಲ್ಲಿ 11ನೇ ಶತಮಾನದ ದೊಡ್ಡ ಚರ್ಚಿದೆ. ಅದರ ಶರತ್ಕಾಲದ ಜಾತ್ರೆಗೆ ಕ್ರೈಸ್ತರ ಜೊತೆಯಲ್ಲಿ ಕಿಸ್ತರೂ ಹೋಗುತ್ತಿದ್ದರು. 19ನೇ ಶತಮಾನದ ಉತ್ತರಾರ್ಧದಲ್ಲಿ ರಷ್ಯಾದ ಚಕ್ರವರ್ತಿಯ ಆಡಳಿತವು ಇವರನ್ನು ಕ್ರೈಸ್ತರನ್ನಾಗಿಸಲು ಹೊರಟಿತು, ಕೆಲವು ಮನೆತನಗಳು ಮತಾಂತರವನ್ನೂ ಹೊಂದಿದವು. ದುಯಿಸಿಯ ಇಟ್ಟಿಗೆ ಮಸೀದಿ ಕಟ್ಟಿದ್ದು ಆ ಒತ್ತಡದ ಬೆನ್ನಲ್ಲೇ, 19ನೇ ಶತಮಾನ ಮುಗಿದು 20ನೆಯದು ಹುಟ್ಟುವ ಹೊತ್ತಿಗೆ. ನಕ್ಷ್‌ಬಂದಿ ಮತ್ತು ಕಾದಿರಿ ಸೂಫಿ ಮಾರ್ಗಗಳು ಕಣಿವೆಯಲ್ಲಿ ಗಟ್ಟಿಯಾಗಿ ಬೇರೂರಿದ್ದು 20ನೇ ಶತಮಾನದ ಮೊದಲ ದಶಕಗಳಲ್ಲಿ, ಹೊರಗಿನಿಂದ ಬಂದ ಗುರುಗಳ ಮೂಲಕ.

ಅಂದರೆ ಹೊರಗಿನಿಂದ ಬಂದದ್ದು ಎಂಬ ಅಳತೆಗೋಲನ್ನು ಹಿಡಿದರೆ ನಿಮ್ಮ "ಮಣ್ಣಿನ ಮಸೀದಿ"ಯೂ ಅದರಲ್ಲಿ ಪಾಸಾಗುವುದಿಲ್ಲ.

---

ದಾರಿಹೋಕ

ಬೆಟ್ಟದ ಆಚೆ ಬದಿಯಿಂದ ಈಚೆ ಬದಿಗೆ ಬಂದವರನ್ನು ವಲಸೆ ಸಮುದಾಯ ಎನ್ನುವುದೇ ಅತಿಶಯೋಕ್ತಿಯಲ್ಲವೇ?

---

ಇತಿಹಾಸದ_ವಿದ್ಯಾರ್ಥಿ

ಆ ಬೆಟ್ಟ ಎಷ್ಟು ದೊಡ್ಡದು ಎಂದು 1944ರಲ್ಲಿ ತಿಳಿಯಿತು, ದಾರಿಹೋಕರೇ. ಆ ವರ್ಷದ ಫೆಬ್ರವರಿ 23ರಂದು ಸ್ಟಾಲಿನ್ ಸರ್ಕಾರ ಇಡೀ ಚೆಚೆನ್ ಮತ್ತು ಇಂಗುಶ್ ಜನಾಂಗಗಳನ್ನು, ಅಂದರೆ ಹೆಚ್ಚುಕಡಿಮೆ ಐದು ಲಕ್ಷ ಜನರನ್ನು, ಸರಕು ರೈಲುಗಳಿಗೆ ತುಂಬಿ ಕಜಾಕಸ್ತಾನ ಮತ್ತು ಕಿರ್ಗಿಸ್ತಾನಗಳಿಗೆ ಸಾಗಿಸಿತು. ಜಾರ್ಜಿಯಾದ ಆಡಳಿತದಲ್ಲಿದ್ದ ಪಂಕಿಸಿಯ ಕಿಸ್ತರು ಆ ಗಡೀಪಾರಿನಿಂದ ಉಳಿದುಕೊಂಡರು. ಒಂದೇ ರಕ್ತದ, ಒಂದೇ ನುಡಿಯ ಜನರ ಹಣೆಬರಹ ಒಂದು ಗಡಿರೇಖೆಯ ಮೇಲೆ ಬೇರೆಯಾಯಿತು. ಅವರ ಮನೆತನದ ಹೆಸರುಗಳ ಕೊನೆಗೂ ಜಾರ್ಜಿಯನ್ನರಂತೆ "ಶ್ವಿಲಿ" ಬಂದು ಕೂತಿದೆ. ವಲಸೆ ಎನ್ನಲು ಇನ್ನೇನು ಬೇಕು?

---

ತ್ಬಿಲಿಸಿ_ಉಪನ್ಯಾಸಕಿ

ನಾನು ಇಲ್ಲಿನ ವೈದ್ಯಕೀಯ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಕರ್ನಾಟಕದಿಂದ ಎಂಬಿಬಿಎಸ್ ಓದಲು ಬಂದ ವಿದ್ಯಾರ್ಥಿನಿಯರನ್ನು ಕರೆದುಕೊಂಡು ಒಮ್ಮೆ ದುಯಿಸಿಗೆ ಹೋಗಿದ್ದೆ. ಚರ್ಚೆ ತೀರಾ ವಾದದಲ್ಲೇ ಮುಳುಗುವ ಮೊದಲು ಆ ಹಳೆಯ ಮಸೀದಿಯೊಳಗೆ ಏನು ನಡೆಯುತ್ತದೆ ಎಂಬುದನ್ನು ಕಂಡಷ್ಟು ಹೇಳುತ್ತೇನೆ.

ಬಾಗಿಲಲ್ಲಿ ಚಪ್ಪಲಿ ಬಿಟ್ಟು, ತಲೆಗೆ ಬಟ್ಟೆ ಹೊದ್ದು ಒಳಗೆ ಹೋದರೆ ಗೋಡೆಗೆ ಒತ್ತಿಕೊಂಡು ಕೂರಲು ಸನ್ನೆ ಮಾಡುತ್ತಾರೆ. ಹೆಂಗಸರು ಜಮಖಾನದ ಮೇಲೆ ವೃತ್ತಾಕಾರದಲ್ಲಿ ಕುಳಿತಿರುತ್ತಾರೆ. ಬಹುತೇಕ ಎಲ್ಲರೂ ಅಜ್ಜಿಯರು, ಉದ್ದನೆಯ ಲಂಗ, ದಪ್ಪ ಉಣ್ಣೆಯ ಕಾಲುಚೀಲ. ಮೊದಲು ಒಬ್ಬರು ತಗ್ಗಿದ ದನಿಯಲ್ಲಿ "ಲಾ ಇಲಾಹ ಇಲ್ಲಲ್ಲಾಹ್" ಎಂದು ಎತ್ತಿಕೊಡುತ್ತಾರೆ, ಉಳಿದವರು ಅದನ್ನು ಹಿಡಿಯುತ್ತಾರೆ. ಅಂಗೈ ತಟ್ಟುವ ಲಯ ಮೆಲ್ಲಗೆ ಏರುತ್ತದೆ. ನಡುನಡುವೆ ಚೆಚೆನ್ ಭಾಷೆಯ ಭಕ್ತಿಗೀತೆಗಳು ಬರುತ್ತವೆ, ಅವನ್ನು ನಜ್ಮ್ ಎನ್ನುತ್ತಾರೆ. ಆಮೇಲೆ ಎದ್ದು ನಿಂತು, ಗಡಿಯಾರಕ್ಕೆ ಎದುರು ದಿಕ್ಕಿನಲ್ಲಿ ಸುತ್ತತೊಡಗುತ್ತಾರೆ. ಮೊದಲು ನಡಿಗೆ, ನಂತರ ಓಟದಂಥ ಹೆಜ್ಜೆ, ಪ್ರತಿ ಹೆಜ್ಜೆಗೂ ಪಾದವನ್ನು ನೆಲಕ್ಕೆ ಅಪ್ಪಳಿಸುವುದು. ಮಂಡಿನೋವಿನಿಂದ ಮೆಟ್ಟಿಲು ಹತ್ತಲು ಪಕ್ಕದವರ ತೋಳು ಹಿಡಿದಿದ್ದ ಅಜ್ಜಿಯೊಬ್ಬರು ಆ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿದ್ದರು. ನನ್ನ ಬೆನ್ನು ಒರಗಿದ್ದ ಗೋಡೆಯೂ ಅದುರುತ್ತಿತ್ತು. ಕೊನೆಗೆ ಎಲ್ಲರೂ ಕುಳಿತು ದುವಾ ಮಾಡಿ, ಮುಖ ಸವರಿಕೊಂಡು, ಏನೂ ಆಗಿಲ್ಲವೆಂಬಂತೆ ಮೊಮ್ಮಕ್ಕಳ ಊಟದ ಮಾತಿಗೆ ತೊಡಗಿದರು.

---

ಸುಮ್ನೆ_ಓದುಗ

ಮೇಡಂ, ಗಂಡಸರನ್ನು ಒಳಗೆ ಬಿಡುತ್ತಾರೆಯೇ?

---

ತ್ಬಿಲಿಸಿ_ಉಪನ್ಯಾಸಕಿ

ನಾವು ಹೋದಾಗ ನಮ್ಮ ಚಾಲಕರೂ ಬಾಗಿಲ ಬಳಿ ಕುಳಿತು ನೋಡಿದರು. ಕೇಳಿಕೊಂಡು ಹೋಗುವುದು ಒಳ್ಳೆಯದು.

---

ಬೆಟ್ಟದ_ಭೂಪಟ

ಉಪನ್ಯಾಸಕಿಯವರು ಬಣ್ಣಿಸಿದ ಈ ಜಿಕ್ರ್‌ನ ಹಿಂದೆ ಕುಂತಾ ಹಾಜಿ ಕಿಶಿಯೆವ್ ಎಂಬ ಚೆಚೆನ್ ಸಂತನಿದ್ದಾನೆ. ರಷ್ಯಾದೊಡನೆ ದಶಕಗಳ ಯುದ್ಧ ನಡೆದು ಜನ ಬಸವಳಿದಿದ್ದ ಕಾಲದಲ್ಲಿ, ಇನ್ನು ಕತ್ತಿ ಹಿಡಿಯುವುದು ಆತ್ಮಹತ್ಯೆಗೆ ಸಮಾನ, ಜೀವ ಮತ್ತು ಧರ್ಮ ಎರಡನ್ನೂ ಉಳಿಸಿಕೊಳ್ಳಿರಿ ಎಂದು ಬೋಧಿಸಿದವನು ಅವನು. ಯುದ್ಧ ಬೇಡವೆಂದವನನ್ನೇ ರಷ್ಯಾದ ಆಡಳಿತ 1864ರ ಜನವರಿಯಲ್ಲಿ ಬಂಧಿಸಿತು. ಬಿಡುಗಡೆ ಕೇಳಲು ಚೆಚೆನ್ಯಾದ ಶಾಲಿ ಊರಿನ ಬಳಿ ಸೇರಿದ ಅನುಯಾಯಿಗಳ ಮೇಲೆ ಸೇನೆ ಗುಂಡು ಹಾರಿಸಿತು. ಕುಂತಾ ಹಾಜಿ ದೂರದ ಉತ್ತರದ ಉಸ್ತ್ಯುಝ್ನಾ ಪಟ್ಟಣದಲ್ಲಿ ಗಡೀಪಾರಾಗಿದ್ದು 1867ರಲ್ಲಿ ತೀರಿಕೊಂಡನು. ಅವನು ಸತ್ತಿಲ್ಲ, ಮರೆಯಾಗಿದ್ದಾನೆ ಎಂದು ನಂಬುವ ಭಕ್ತರು ಇಂದಿಗೂ ಇದ್ದಾರೆ.

ಹೆಂಗಸರು ಜಿಕ್ರ್ ಸುತ್ತಿಗೆ ಸೇರುವುದು ಪಂಕಿಸಿಯ ಅಜ್ಜಿಯರ ಹೊಸ ಆವಿಷ್ಕಾರವೇನಲ್ಲ ಎಂಬುದನ್ನೂ ಗಮನಿಸಬೇಕು. ಗಡೀಪಾರಾದ ಚೆಚೆನ್ನರ ನಡುವೆ 1950ರ ದಶಕದಲ್ಲಿ ಕಜಾಕಸ್ತಾನದಲ್ಲಿ ಹುಟ್ಟಿದ ವಿಸ್ ಹಾಜಿ ಪಂಗಡವೂ ಹೆಂಗಸರಿಗೆ ಜಿಕ್ರ್‌ನಲ್ಲಿ ಸ್ಥಾನ ಕೊಟ್ಟಿತ್ತು. ಅವರು ಪಿಟೀಲನ್ನೂ ಬಳಸುತ್ತಿದ್ದರು. ಮಸೀದಿಗಳಿಗೆ ಬೀಗ ಬಿದ್ದ ಕಾಲದಲ್ಲಿ ಧರ್ಮ ಮನೆಯ ಅಂಗಳಕ್ಕೆ ಬಂತು, ಮನೆಯೆಂದ ಮೇಲೆ ಹೆಂಗಸರದೇ ಯಜಮಾನಿಕೆ.

---

ಗುಮ್ಮಟದ_ಊರು

ನಾನು ವಿಜಯಪುರದವನು. ನಮ್ಮಲ್ಲಿಯೂ ಕಾದಿರಿ ಸೂಫಿಗಳಿದ್ದರು, ನಮ್ಮ ಹೆಂಗಸರೂ ರಾಗಿ ಜೋಳ ಬೀಸುತ್ತಾ ಚಕ್ಕೀನಾಮಗಳನ್ನು ಹಾಡುತ್ತಿದ್ದರು. ಹಾಗಾದರೆ ದುಯಿಸಿಯ ಅಜ್ಜಿಯರಿಗೂ ನಮಗೂ ಒಂದೇ ಗುರುಪರಂಪರೆಯ ನಂಟಿದೆ ಎಂದಾಯಿತು.

---

ಇತಿಹಾಸದ_ವಿದ್ಯಾರ್ಥಿ

ಅಷ್ಟು ಬೇಗ ನೆಂಟಸ್ತನ ಬೆಳೆಸಬೇಡಿ. ವಿಜಯಪುರದಲ್ಲಿ ಕಾದಿರಿಗಳಿದ್ದದ್ದು ನಿಜ. ಆದರೆ ದಖನಿಯ ಚಕ್ಕೀನಾಮಗಳ ಪರಂಪರೆ ಮುಖ್ಯವಾಗಿ ಅಲ್ಲಿನ ಚಿಶ್ತಿ ಸೂಫಿಗಳ ಬಳಗಕ್ಕೆ ಸೇರಿದ್ದು. ಬೀಸುಕಲ್ಲಿನ ಗೂಟವನ್ನು ಅಲ್ಲಾಹನ ಹೆಸರಿನ ಮೊದಲ ಅಕ್ಷರವಾದ ಅಲಿಫ್‌ಗೆ ಹೋಲಿಸುವ ಆ ಹಾಡುಗಳು ಕೆಲಸದ ಹಾಡುಗಳು, ಮನೆಯೊಳಗಿನವು. ದುಯಿಸಿಯದು ಮಸೀದಿಯ ಛಾವಣಿಯ ಕೆಳಗೆ, ವಾರದ ನಿಗದಿತ ಹೊತ್ತಿಗೆ, ಸಾಮೂಹಿಕವಾಗಿ ನಡೆಯುವ ಆರಾಧನೆ. ಹೆಂಗಸರ ಬಾಯಲ್ಲಿ ಸೂಫಿ ಮಾತು ಉಳಿಯಿತು ಎಂಬಷ್ಟು ಹೋಲಿಕೆಯನ್ನು ಒಪ್ಪುತ್ತೇನೆ.

---

ಗುಮ್ಮಟದ_ಊರು

ಅಷ್ಟು ಒಪ್ಪಿದರೂ ಸಾಕು, ನಮ್ಮೂರಿನ ಮರ್ಯಾದೆ ಉಳಿಯಿತು.

---

ಗಡಿ_ಕಾವಲು

ಎಲ್ಲರೂ ಅಜ್ಜಿಯರ ಹಾಡಿಗೆ ಮಾರುಹೋಗಿ ಮುಖ್ಯ ವಿಷಯವನ್ನೇ ಮರೆತಂತಿದೆ. 1999ರಲ್ಲಿ ಎರಡನೇ ಚೆಚೆನ್ ಯುದ್ಧ ಆರಂಭವಾದಾಗ ಸಾವಿರಾರು ನಿರಾಶ್ರಿತರು ಈ ಕಣಿವೆಗೆ ಬಂದರು. ಅವರೊಂದಿಗೆ ಹೋರಾಟಗಾರರೂ, ಅರಬ್ ಸ್ವಯಂಸೇವಕರೂ, ಅರಬ್ ಹಣವೂ ಬಂತು. 2002ರಲ್ಲಿ ಅಮೆರಿಕ ತನ್ನ ಸೇನಾ ತರಬೇತುದಾರರನ್ನು ಜಾರ್ಜಿಯಾಕ್ಕೆ ಕಳುಹಿಸಲು ಕೊಟ್ಟ ಕಾರಣವೇ ಪಂಕಿಸಿ. ಐಸಿಸ್‌ನ ಕುಖ್ಯಾತ ಸೇನಾನಿ ಉಮರ್ ಅಲ್ ಶಿಶಾನಿ ಹುಟ್ಟಿದ್ದು ಇದೇ ಕಣಿವೆಯ ಬಿರ್ಕಿಯಾನಿ ಹಳ್ಳಿಯಲ್ಲಿ. ಹೊಸ ಮಸೀದಿಯ ಬಗ್ಗೆ "ಆಮದು" ಎಂದು ಬರೆಯುವುದು ತೀರಾ ಸೌಮ್ಯವಾಯಿತು ಎಂಬುದು ನನ್ನ ಅಭಿಪ್ರಾಯ.

---

ಬೆಟ್ಟದ_ಭೂಪಟ

ಉದಾಹರಣೆಯನ್ನು ಪೂರ್ತಿ ಕೊಡಿ ಸರ್. ಅವನ ನಿಜ ಹೆಸರು ತರ್ಖಾನ್ ಬಾತಿರಾಶ್ವಿಲಿ. ತಂದೆ ಕ್ರೈಸ್ತ ಜಾರ್ಜಿಯನ್, ತಾಯಿ ಕಿಸ್ತ್ ಮುಸ್ಲಿಂ. ಜಾರ್ಜಿಯಾದ ಸೇನೆಗೆ ಸೇರಿ 2008ರ ಯುದ್ಧದಲ್ಲಿ ರಷ್ಯಾದ ವಿರುದ್ಧ ಹೋರಾಡಿದವನು. ಕ್ಷಯರೋಗ ತಗುಲಿ ಸೇನೆಯಿಂದ ಹೊರಬಿದ್ದ, ನಂತರ ಶಸ್ತ್ರಾಸ್ತ್ರದ ಪ್ರಕರಣದಲ್ಲಿ ಜೈಲು ಸೇರಿದ, ಅಲ್ಲಿಂದ ಹೊರಬಂದ ಮೇಲೆ ಸಿರಿಯಾಕ್ಕೆ ಹೋದ. ಸೇನೆ, ರೋಗ, ನಿರುದ್ಯೋಗ, ಸೆರೆಮನೆ ಇವಿಷ್ಟನ್ನೂ ದಾಟಿಸಿ ನೇರವಾಗಿ ಮಸೀದಿಯ ಬಾಗಿಲಿಗೆ ಗೆರೆ ಎಳೆಯುವುದು ಸುಲಭ. ಆ ಬಾಗಿಲಿನಲ್ಲಿ ಶುಕ್ರವಾರ ನಮಾಜಿಗೆ ಹೋಗಿ ಬಂದು ಹೊಲ ಉಳುವ, ದನ ಕಾಯುವ, ಟ್ಯಾಕ್ಸಿ ಓಡಿಸುವ ನೂರಾರು ಜನರ ಲೆಕ್ಕವನ್ನು ಯಾರು ಇಡುತ್ತಾರೆ?

---

ಗಡಿ_ಕಾವಲು

ಸಿರಿಯಾಕ್ಕೆ ಹೋದವನು ಅವನೊಬ್ಬನೇ ಅಲ್ಲ ಎಂಬುದು ನಿಮಗೂ ಗೊತ್ತಿದೆ. ಅಷ್ಟು ಸಣ್ಣ ಜನಸಮುದಾಯದಿಂದ ಹತ್ತಾರು ಹುಡುಗರು ಹೋದರೆ ಅದನ್ನು ಕೇವಲ ನಿರುದ್ಯೋಗ ಎಂದು ತಳ್ಳಿಹಾಕಲಾಗದು. ಕಳೆದುಕೊಂಡ ತಾಯಂದಿರೇ ಬೋಧಕರನ್ನು ದೂರಿದ್ದಾರೆ.

---

ಬೆಟ್ಟದ_ಭೂಪಟ

ತಳ್ಳಿಹಾಕುತ್ತಿಲ್ಲ. ಕೆಲವು ಬೋಧಕರ ಪಾತ್ರ ಇತ್ತು ಎಂಬುದನ್ನು ಒಪ್ಪುತ್ತೇನೆ. ಒಂದು ಇಡೀ ಜಮಾತನ್ನು ಅದರಿಂದ ಅಳೆಯುವುದನ್ನು ಮಾತ್ರ ಒಪ್ಪುವುದಿಲ್ಲ.

---

ನ್ಯಾಯದ_ತಕ್ಕಡಿ

ಯಾರೂ ಮುಟ್ಟದ ಒಂದು ಮಗ್ಗುಲಿದೆ. ಹೊಸ ಮಸೀದಿಯತ್ತ ಹೋದ ಕಿರಿಯರೆಲ್ಲ ಹಣಕ್ಕೆ ಮಾರುಹೋದವರು ಎಂಬ ಊಹೆ ಈ ಚರ್ಚೆಯ ಅಡಿಯಲ್ಲಿ ಹರಿಯುತ್ತಿದೆ. ಚೆಚೆನ್ನರ ಅದತ್, ಅಂದರೆ ಹಿರಿಯರ ಕಟ್ಟುಕಟ್ಟಳೆ, ಹೆಣ್ಣುಮಕ್ಕಳಿಗೆ ತಂದೆಯ ಆಸ್ತಿಯಲ್ಲಿ ಪಾಲು ಕೊಡುವುದಿಲ್ಲ. ಶರೀಅತ್ ಗಂಡುಮಗನ ಅರ್ಧದಷ್ಟನ್ನಾದರೂ ಕೊಡುತ್ತದೆ. ಅದತ್‌ನಲ್ಲಿ ರಕ್ತವೈರಕ್ಕೆ ಇಡೀ ಕುಲವೇ ಹೊಣೆಯಾಗಬೇಕು, ಶರೀಅತ್ ತಪ್ಪು ಮಾಡಿದವನನ್ನು ಹೊಣೆಗಾರನನ್ನಾಗಿಸುತ್ತದೆ. ಹುಡುಗಿಯನ್ನು ಹೊತ್ತೊಯ್ದು ಮದುವೆಯಾಗುವ ಹಳೆಯ ಚಾಳಿಯನ್ನು ಸಲಫಿ ಹುಡುಗರು ಧರ್ಮದ ಹೆಸರಿನಲ್ಲೇ ವಿರೋಧಿಸುತ್ತಾರೆ. ಸಾವಿನ ಮನೆಯಲ್ಲಿ ಸಾಲ ಮಾಡಿ ಊರಿಗೆಲ್ಲ ಊಟ ಹಾಕುವ ಪದ್ಧತಿಯನ್ನೂ ಅವರು ಪ್ರಶ್ನಿಸಿದ್ದಾರೆ.

ಹೀಗಿರುವಾಗ ಇಪ್ಪತ್ತು ವರ್ಷದ ಕಿಸ್ತ್ ಹುಡುಗಿಯೊಬ್ಬಳು ಅಜ್ಜಿಯ ಜಿಕ್ರ್ ಬಿಟ್ಟು ಹೊಸ ಮಸೀದಿಯ ಕುರಾನ್ ಪಾಠಕ್ಕೆ ಹೋದರೆ, ಅವಳನ್ನು ಯಾರೋ ದಾರಿತಪ್ಪಿಸಿದರು ಎನ್ನುವ ಮೊದಲು ಅವಳ ಲೆಕ್ಕಾಚಾರವೇನು ಎಂದು ಕೇಳಬೇಕು. ಅಜ್ಜಿಯ ಹಾಡು ನಮಗೆ ಚೆಂದ. ಅಜ್ಜಿಯ ಕಾಲದ ಆಸ್ತಿ ಹಂಚಿಕೆ ಅವಳಿಗೆ ಚೆಂದವಾಗಿರಬೇಕಿಲ್ಲ.

---

ತ್ಬಿಲಿಸಿ_ಉಪನ್ಯಾಸಕಿ

ಇದು ತೂಕದ ಮಾತು. ಆದರೆ ಜಿಕ್ರ್‌ನ ಹಿರಿಯ ಹೆಂಗಸರನ್ನು ಅದತ್‌ನ ಮೂಕ ಕಾವಲುಗಾರರಂತೆ ಚಿತ್ರಿಸಿದರೆ ಅದೂ ಅನ್ಯಾಯವಾದೀತು. ಕಣಿವೆಯಲ್ಲಿ ಗಂಡಸರ ಹಿರಿಯರ ಮಂಡಳಿ ಹಿಂದಿನಿಂದ ಇದೆ. ಕಳೆದ ದಶಕದ ಆರಂಭದ ಹೊತ್ತಿಗೆ ಹೆಂಗಸರೂ ತಮ್ಮದೇ ಹಿರಿಯರ ಮಂಡಳಿಯನ್ನು ಕಟ್ಟಿಕೊಂಡರು. ಗಂಡಸರ ಮುಂದೆ ಹೇಳಲಾಗದ ಕೌಟುಂಬಿಕ ಜಗಳ, ಹೊಡೆತ ಬಡಿತದ ದೂರುಗಳು ಅಲ್ಲಿಗೆ ಬರುತ್ತವೆ. ದುಯಿಸಿಯ ಹೆಂಗಸರ "ಅಜ್ನಾಶ್ ಲಾಮಾನ್" ಎಂಬ ಗಾಯನ ತಂಡವು ಈ ಕಣಿವೆಯ ಚೆಚೆನ್ ಹಾಡುಗಳನ್ನು ಯುರೋಪಿನ ವೇದಿಕೆಗಳವರೆಗೆ ಒಯ್ದಿದೆ. ಇವರು ಮೂಲೆಯಲ್ಲಿ ಕೂತವರಲ್ಲ.

---

ಸುಮ್ನೆ_ಓದುಗ

ಊಟದ ವಿಷಯ ಯಾರೂ ಎತ್ತಲಿಲ್ಲವಲ್ಲ! ಕಾಖೇತಿ ಎಂದರೆ ದ್ರಾಕ್ಷಾರಸದ ನಾಡು, ಅದರ ನಡುವೆ ಮದ್ಯವಿಲ್ಲದ ಕಣಿವೆ ಎಂದರೆ ಸೋಜಿಗ. ಅಲ್ಲಿನ ಅತಿಥಿಗೃಹಗಳಲ್ಲಿ ಕಾಡುಗುಲಾಬಿ ಹಣ್ಣಿನಿಂದ ಮಾಡುವ, ಅಮಲಿಲ್ಲದ ಒಂದು ಬಗೆಯ ಬಿಯರ್ ಕೊಡುತ್ತಾರಂತೆ, ಹೌದೇ?

---

ತ್ಬಿಲಿಸಿ_ಉಪನ್ಯಾಸಕಿ

ಹೌದು, ಕೊಡುತ್ತಾರೆ. ಜೊತೆಗೆ ಬೇಯಿಸಿದ ಮಾಂಸ, ಹಿಟ್ಟಿನ ಗಲ್ನಾಶ್ ಮತ್ತು ಬೆಳ್ಳುಳ್ಳಿಯ ಸಾರು. ಸಸ್ಯಾಹಾರಿಗಳಿಗೆ ತುರಿಕೆ ಸೊಪ್ಪಿನ ಹೂರಣದ ಕಡುಬು ಸಿಗುತ್ತದೆ. ಹಳೆಯ ಮಸೀದಿ, ಹೊಸ ಮಸೀದಿ ಎಂಬ ಭೇದವಿಲ್ಲದೆ ಎರಡೂ ಕಡೆಯವರು ಇವನ್ನೇ ಉಣ್ಣುತ್ತಾರೆ.

---

ಅಮ್ಮಾನ್_ಕನ್ನಡಿಗ

ಜೋರ್ಡಾನಿನಿಂದ ಒಂದು ಮಾತು. ಇಲ್ಲಿಯ ಚೆಚೆನ್ನರು 20ನೇ ಶತಮಾನದ ಆರಂಭದಲ್ಲಿ ಒಟ್ಟೋಮನ್ ಆಳ್ವಿಕೆಯ ಕಾಲದಲ್ಲಿ ಬಂದು ಜರ್ಕಾ, ಸುವೈಲಿಹ್, ಸುಖ್ನಾ, ಅಜ್ರಕ್ ಊರುಗಳಲ್ಲಿ ನೆಲೆಯಾದವರು. ಇಂದು ಮಹಾನಗರವಾಗಿರುವ ಜರ್ಕಾವನ್ನು ನೆಲೆಗೊಳಿಸಿದವರು ಅವರೇ. ಸಂಸತ್ತಿನಲ್ಲಿ ಕಾಕಸಸ್ ಮೂಲದವರೇ ಆದ ಸರ್ಕಾಸಿಯನ್ನರ ಜೊತೆ ಇವರಿಗೂ ಮೀಸಲು ಸ್ಥಾನವಿದೆ. ಸುತ್ತಲೂ ಮುಸ್ಲಿಮರೇ ಇರುವುದರಿಂದ ಇಲ್ಲಿ ಮಸೀದಿಯೊಂದೇ ಅವರನ್ನು ಬೇರೆ ಮಾಡಿ ತೋರಿಸುವುದಿಲ್ಲ, ಭಾಷೆ ಮತ್ತು ಮದುವೆಯ ಕಟ್ಟುಪಾಡು ತೋರಿಸುತ್ತವೆ. ಪಂಕಿಸಿಯಲ್ಲಿ ಸುತ್ತಲೂ ಕ್ರೈಸ್ತರು, ಆದ್ದರಿಂದ ಮಸೀದಿಯ ಮೇಲೆ ಅಷ್ಟು ಭಾರ ಬಿದ್ದಿದೆ.

ಹಣದ ಮಾತು ಬಂದದ್ದರಿಂದ ಇನ್ನೊಂದು ಉದಾಹರಣೆ. ಜೆರುಸಲೇಮ್ ಬಳಿಯ ಅಬು ಘೋಶ್ ಎಂಬ ಅರಬ್ ಊರಿನ ಕೆಲವು ಮನೆತನಗಳು ತಮ್ಮ ಮೂಲ ಕಾಕಸಸ್ ಎಂದು ಹೇಳಿಕೊಳ್ಳುತ್ತವೆ. 2014ರಲ್ಲಿ ಅಲ್ಲಿ ನಾಲ್ಕು ಮಿನಾರುಗಳ, ಚಿನ್ನದ ಬಣ್ಣದ ಗುಮ್ಮಟದ ಭವ್ಯ ಮಸೀದಿ ತೆರೆಯಿತು. ವೆಚ್ಚದ ಬಹುಪಾಲನ್ನು ಕೊಟ್ಟದ್ದು ಚೆಚೆನ್ಯಾದ ಆಡಳಿತ. ಮಸೀದಿಗೆ ಅಖ್ಮದ್ ಕಾದಿರೋವ್ ಹೆಸರು. ಚೆಚೆನ್ ಭಾಷೆ ಆಡುವವರು ಒಬ್ಬರೂ ಇಲ್ಲದ ಊರಿನಲ್ಲಿ ಚೆಚೆನ್ ನಾಯಕನ ಹೆಸರಿನ ಮಸೀದಿ! ಅದನ್ನು ಯಾರೂ "ಆಮದು" ಎಂದು ಮೂದಲಿಸಿದ್ದನ್ನು ನಾನು ಕೇಳಿಲ್ಲ.

---

ಗಡಿ_ಕಾವಲು

ನಾನು ಮೂದಲಿಸುತ್ತೇನೆ, ಸಾಲದೇ?

---

ಬೆಟ್ಟದ_ಭೂಪಟ

ಅಮ್ಮಾನಿನವರು ಎತ್ತಿದ ಎಳೆಯನ್ನು ಮುಂದುವರಿಸುತ್ತೇನೆ. ಇಂದಿನ ಚೆಚೆನ್ಯಾದಲ್ಲಿ ಕುಂತಾ ಹಾಜಿಯ ಜಿಕ್ರ್ ಆಡಳಿತದ ಕೃಪೆಯಲ್ಲಿದೆ. ಅವನ ತಾಯಿ ಹೇದಿಯ ಸಮಾಧಿಗೆ ಯಾತ್ರಿಕರ ಸಾಲು, ಸರ್ಕಾರಿ ಸಮಾರಂಭಗಳಲ್ಲಿ ಟಿವಿ ಕ್ಯಾಮೆರಾಗಳ ಮುಂದೆ ಗಂಡಸರ ಸುತ್ತು. ಅಲ್ಲಿ ಸಲಫಿ ಎನಿಸಿಕೊಂಡರೆ ಪೊಲೀಸರು ಮನೆ ಬಾಗಿಲಿಗೆ ಬರುತ್ತಾರೆ. ಆದ್ದರಿಂದ "ಸೂಫಿ ಎಂದರೆ ಸ್ಥಳೀಯ, ಶಾಂತ, ಒಳ್ಳೆಯದು, ಸಲಫಿ ಎಂದರೆ ಪರಕೀಯ, ಅಪಾಯ" ಎಂಬ ಸೂತ್ರ ಪ್ರವಾಸಿಗರು ಮಾತ್ರ ಬಳಸುವ ಮುಗ್ಧ ಸೂತ್ರವಲ್ಲ, ಅದು ಚೆಚೆನ್ಯಾದ ರಾಜಧಾನಿ ಗ್ರೋಜ್ನಿಯ ಆಡಳಿತ ನಿತ್ಯ ಬಳಸುವ ಆಯುಧ. ದುಯಿಸಿಯ ಅಜ್ಜಿಯರ ಜಿಕ್ರ್‌ನ ಹಿರಿಮೆ ಇರುವುದು ಯಾವ ಸರ್ಕಾರವೂ ಅದಕ್ಕೆ ದುಡ್ಡು ಸುರಿದು ಮೆರೆಸುತ್ತಿಲ್ಲ ಎಂಬುದರಲ್ಲಿ. ಲೇಖನದಲ್ಲಿ ಅದನ್ನು ಬರೆಯಿರಿ, ಹೊಸ ಮಸೀದಿಯನ್ನು ಕೆಳಗೆ ತಳ್ಳದೆಯೂ ಬರೆಯಬಹುದು.

---

ಕುರಾ_ದಂಡೆ

ಎಲ್ಲರಿಗೂ ಧನ್ಯವಾದಗಳು. ನ್ಯಾಯದ ತಕ್ಕಡಿಯವರ ಆಸ್ತಿ ಹಕ್ಕಿನ ಮಾತು ಮತ್ತು ಮೇಲಿನ ಗ್ರೋಜ್ನಿಯ ಮಾತು ಲೇಖನದಲ್ಲಿ ಬರುತ್ತವೆ. ಆದರೂ ನನ್ನ ಒಂದು ಹಟ ಬಿಡುವುದಿಲ್ಲ. ಜಿಕ್ರ್ ಧರ್ಮಬಾಹಿರ, ಅದನ್ನು ನಿಲ್ಲಿಸಿ ಎಂದು ಕೆಲವು ಕಿರಿಯರು ಈ ಹೆಂಗಸರಿಗೆ ಹೇಳುತ್ತಾ ಬಂದಿದ್ದಾರೆ. ಹೊಸ ಮಸೀದಿಯ ನಮಾಜನ್ನು ನಿಲ್ಲಿಸಿ ಎಂದು ಅಜ್ಜಿಯರು ಹೇಳಿದ್ದನ್ನು ನಾನು ಎಲ್ಲಿಯೂ ಓದಿಲ್ಲ, ಕೇಳಿಲ್ಲ. ಮೂಲ ಎಲ್ಲಿಯದು ಎಂಬ ಪ್ರಶ್ನೆಯನ್ನು ಕೈಬಿಡುತ್ತೇನೆ, ಯಾರು ಯಾರಿಗೆ ಜಾಗ ಬಿಡುತ್ತಾರೆ ಎಂಬುದನ್ನು ಕೇಳಿಯೇ ತೀರುತ್ತೇನೆ.

---

ನ್ಯಾಯದ_ತಕ್ಕಡಿ

ಕೇಳಿ, ಆದರೆ ಹೊಸ ಮಸೀದಿಯ ಹುಡುಗಿಯರ ಬಾಯಿಂದಲೂ ಉತ್ತರ ಪಡೆದು ಬರೆಯಿರಿ. ಈವರೆಗೆ ಪಂಕಿಸಿಯ ಬಗ್ಗೆ ನಾನು ಓದಿದ ಬರಹಗಳಲ್ಲಿ ಅಜ್ಜಿಯರು ಮಾತಾಡುತ್ತಾರೆ, ಪೊಲೀಸರು ಮಾತಾಡುತ್ತಾರೆ, ಆ ಹುಡುಗಿಯರಿಗೆ ಮಾತ್ರ ಸರದಿಯೇ ಬಂದಿಲ್ಲ.

---

ದಾರಿಹೋಕ

ಲೇಖನ ಪ್ರಕಟವಾದಾಗ ಕೊಂಡಿ ಹಾಕಿ. ಜಗಳ ಅಲ್ಲಿ ಮುಂದುವರಿಸೋಣ.

---

ತ್ಬಿಲಿಸಿ_ಉಪನ್ಯಾಸಕಿ

ಕುರಾ ದಂಡೆಯವರೇ, ಮತ್ತೆ ಹೋಗುವುದಾದರೆ ಶುಕ್ರವಾರ ಬೆಳಿಗ್ಗೆಯೇ ತ್ಬಿಲಿಸಿ ಬಿಡಿ. ಮಾರ್ಶ್ರುತ್ಕಾ (ಮಿನಿಬಸ್) ತುಂಬುವವರೆಗೆ ಚಾಲಕ ಹೊರಡುವುದಿಲ್ಲ. ಫೋಟೋ ತೆಗೆಯುವ ಮೊದಲು ಹಿರಿಯರೊಬ್ಬರನ್ನು ಕೇಳಿ, ಮತ್ತು ಕಾಣಿಕೆ ಡಬ್ಬಿಗೆ ಏನಾದರೂ ಹಾಕಿ ಬನ್ನಿ.